ಡಯಲ್ ಮೇಲಿನ ಬೆರಳು

ಸುಂಟಿಕೊಪ್ಪ
20 ಫೆಬ್ರವರಿ 2025

ಪ್ರೀತಿಯ ಬೋಜಪ್ಪ ಮಾವನಿಗೆ,

ನೀವು ಬಸ್ಸಿನಲ್ಲಿ ಕೊಟ್ಟು ಕಳುಹಿಸಿದ ಕ್ಯಾಮರಾ ಸುರಕ್ಷಿತವಾಗಿ ಬಂತು. ಕಂಡಕ್ಟರ್ ಅದನ್ನು ಯಾರದೋ ಬಾಳೆಗೊನೆಯ ಮೇಲಿಟ್ಟು ತಂದಿದ್ದ. "ಎಂತ ಉಂಟು ಇದ್ರೊಳಗೆ? ಕಲ್ಲಾ?" ಎಂದು ಕೇಳಿದ. ರಷ್ಯಾದ ಕ್ಯಾಮರಾ ಎಂದೆ. "ಹಾಗಾದ್ರೆ ಬಾಂಬೇ ಸೈ. ನಾಳೆಯಿಂದ ಇದಕ್ಕೂ ಟಿಕೆಟ್ ತಗೊಳ್ಳಿ" ಎಂದು ನಕ್ಕ.

ಚಿತ್ರಗಳ ಬಲ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ, ಕ್ಯಾಮರಾ ಕೆಟ್ಟಿದೆ ಎಂದು ಬರೆದಿದ್ದೀರಿ. ಕೆಟ್ಟಿಲ್ಲ ಮಾವ. ಬಿಚ್ಚಿ ನೋಡಿದೆ. ಒಳಗೆ ಎರಡು ಬಟ್ಟೆಯ ಪರದೆಗಳಿವೆ. ಬಟನ್ ಒತ್ತಿದಾಗ ಮೊದಲನೆಯದು ಓಡುತ್ತದೆ, ಎರಡನೆಯದು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ನಡುವಿನ ಸೀಳಿನಿಂದ ಬೆಳಕು ಫಿಲ್ಮಿನ ಮೇಲೆ ಬೀಳುತ್ತದೆ. ಮೇಲಿರುವ ವೇಗದ ಡಯಲ್ ಮೊದಲ ಪರದೆಯ ಸರಳಿನ ತಲೆಗೇ ಕೂತಿದೆ. ಈಗಿನ ಕ್ಯಾಮರಾಗಳ ಡಯಲ್ ಹಾಗಲ್ಲ, ತಿರುಗಿಸಿ ಬಿಟ್ಟರೆ ತೆಪ್ಪಗಿರುತ್ತದೆ. ಇದು ಮಾತ್ರ ಫೋಟೋ ತೆಗೆಯುವ ಆ ಕ್ಷಣದಲ್ಲಿ ತಾನೂ ಗಿರ್ರನೆ ಸುತ್ತುತ್ತದೆ. ಸುತ್ತುವಾಗ ಏನಾದರೂ ತಾಗಿದರೆ ಮೊದಲ ಪರದೆ ತಡವರಿಸುತ್ತದೆ, ಹಿಂದಿನದು ಬಂದು ಅದನ್ನು ಹಿಡಿಯುತ್ತದೆ, ಸೀಳು ಮುಚ್ಚಿಹೋಗುತ್ತದೆ. ಬಲ ಅಂಚಿಗೆ ಬೆಳಕೇ ಸಿಗುವುದಿಲ್ಲ.

ತಾಗುತ್ತಿರುವುದು ನಿಮ್ಮ ಬೆರಳು. ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಸಿಕ್ಕಿ ಮಡಚದೆ ಉಳಿದ ಆ ತೋರುಬೆರಳು. ನೀವು ನಡುಬೆರಳಿನಿಂದ ಬಟನ್ ಒತ್ತುತ್ತೀರಿ. ಆಗ ಅದು ಕೋಲಿನ ಹಾಗೆ ಡಯಲ್ ಮೇಲೆ ಒರಗುತ್ತದೆ. ಕೈಲ್ ಮುಹೂರ್ತದ ಹಬ್ಬದ ದಿನ ನೀವು ಕೋವಿ ಹಿಡಿದು ನಿಂತ ಚಿತ್ರಗಳಿವೆಯಲ್ಲ, ನಿಮ್ಮ ತೋಟದ ಆಳು ಗಿರಿ ತೆಗೆದದ್ದು, ಅವುಗಳಲ್ಲಿ ಪಟ್ಟಿ ಇಲ್ಲ. ಅದೇ ದಿನ ನೀವು ಅತ್ತೆಯನ್ನು ತೆಗೆದದ್ದರಲ್ಲಿ ಇದೆ. ಕ್ಯಾಮರಾ ಒಂದೇ, ಬಿಸಿಲು ಒಂದೇ, ಕೈ ಬೇರೆ.

ಇನ್ನೊಂದು ವಿಷಯ. ಮೊದಲು ಫಿಲ್ಮ್ ಸುತ್ತಬೇಕು, ಆಮೇಲೆ ಡಯಲ್ ತಿರುಗಿಸಬೇಕು. ಸುತ್ತುವ ಮೊದಲು ಅದು ತೋರಿಸುವ ಅಂಕಿ ಸುಳ್ಳು, ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ. ನೀವು ಅವಸರದಲ್ಲಿ ಹಿಂದುಮುಂದು ಮಾಡುತ್ತೀರೆಂದು ಅತ್ತೆ ಹೇಳಿದರು.

ಕ್ಯಾಮರಾ ಒರೆಸಿ, ಎಣ್ಣೆ ಕೊಟ್ಟು, ಇದೇ ಬಸ್ಸಿನಲ್ಲಿ ಕಳುಹಿಸಿದ್ದೇನೆ. ಬೆರಳನ್ನು ನಾನು ರಿಪೇರಿ ಮಾಡಲಾರೆ.

ನಿಮ್ಮ ಸೊಸೆ,
ಅಶ್ವಿತಾ


ಶ್ರೀಮಂಗಲ
10 ಮಾರ್ಚ್ 2025

ಅಶ್ವಿತಾ ಕೂಸೇ,

ನಿನ್ನ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. "ಬೆರಳಿನ ಮೇಲೆ ಗೂಬೆ ಕೂರ್ಸುವ ಬದ್ಲು ಹೊಸ ಕ್ಯಾಮರಾ ತಗಣಿ" ಎಂದಳು. ಅವಳಿಗೇನು ಗೊತ್ತು. ಅಪ್ಪನ ಕಾಲದ ವಸ್ತು, ನಾನಿರುವವರೆಗೆ ಇರುತ್ತದೆ.

ನಿನ್ನನ್ನು ನೋಡಿದರೆ ನನಗೆ ಸಂತೋಷವೂ ಆಗುತ್ತದೆ, ಭಯವೂ ಆಗುತ್ತದೆ. ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಲ್ಲರೂ ಮೇಷ್ಟ್ರು ಹೇಳಿಕೊಟ್ಟ ರೀಡಿಂಗ್ ಬರೆದರೆ ನೀನು ಮಾತ್ರ ಬಂದದ್ದನ್ನೇ ಬರೆದು, ಜಗಳ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ಬಂದೆ. ಆಮೇಲೆ ಹೋಂಸ್ಟೇ, ಮೊಬೈಲ್ ಅಂಗಡಿ, ನರ್ಸರಿ. ಎಲ್ಲಿಯೂ ಮಳೆಗಾಲ ಕಳೆಯಲಿಲ್ಲ. ಪದ್ಮಯ್ಯನ ಸ್ಟುಡಿಯೋದಲ್ಲಿ ಕಾಲು ನಿಂತಿದೆ ಎಂದರೆ ಆ ಹಾಳು ಡಾರ್ಕ್‌ರೂಮಿನ ಪುಣ್ಯ. ಅಲ್ಲಿಗೆ ನಿನ್ನನ್ನು ಸೇರಿಸಿದವನು ನಾನು, ನೆನಪಿರಲಿ.

ಇಲ್ಲಿ ಮಳೆ ಕೈಕೊಟ್ಟಿದೆ. ಪಂಪ್‌ಹೌಸ್ ಹತ್ತಿರದ ಕಾಫಿ ಬ್ಲಾಕಿಗೆ ಮಾತ್ರ ಸ್ಪ್ರಿಂಕ್ಲರ್ ಹಾಕಿಸಿದೆ. ಗಿರಿ, ಅವನ ತಮ್ಮ ಗುಂಡ, ಇಬ್ಬರೇ ಪೈಪ್ ಎಳೆದರು. ಲೆಕ್ಕ ಹಾಕಿದರೆ ಅಲ್ಲಿ ಹೂ ಬಿಡುವುದು ಸರಿಯಾಗಿ ಮೂರ್ನಾಡಿನ ಮದುವೆಯ ಹೊತ್ತಿಗೆ. ಎರಡು ದಿನದ ಹೂ, ವರ್ಷಕ್ಕೊಮ್ಮೆ. ಅತ್ತೆಯ ತಂಗಿಯ ಮಗನ ಮದುವೆ, ಹೋಗದೆ ಇರುವ ಹಾಗಿಲ್ಲ. ಈ ವರ್ಷದ ಹೂವಿನ ಚಿತ್ರ ತಪ್ಪಿತೆಂದು ಕಾಣುತ್ತದೆ.

ಕೆಳಗಿನ ಬಾಳೆಗೆ ಹಂದಿ ನುಗ್ಗುತ್ತಿದೆ. ಪಟಾಕಿಗೆ ಹೆದರುವುದಿಲ್ಲ, ನಾಯಿಗೆ ಹೆದರುವುದಿಲ್ಲ. ಈ ಸಲ ಒಂದು ವ್ಯವಸ್ಥೆ ಮಾಡುತ್ತೇನೆ.

ನಿನ್ನ ಅಮ್ಮ ಕಾಂತಮ್ಮನಿಗೆ ಹೇಳು, ಮದುವೆಯಲ್ಲಿ ಸಿಗೋಣ.

ಇಂತು,
ಬೋಜಪ್ಪ ಮಾವ


ಸುಂಟಿಕೊಪ್ಪ
29 ಮಾರ್ಚ್ 2025

ಮಾವನಿಗೆ,

ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ.

ಗುಂಡನ ಸುದ್ದಿಯನ್ನು ಅಮ್ಮ ಮದುವೆಯಿಂದ ಬಂದು ಹೇಳಿದರು. ಮದುವೆಯ ದಿನ ಮುಂಜಾನೆ ಪಂಪ್ ಹಾಕಲು ಹೋದವನು ಬಾಳೆಯ ಬೇಲಿಗೆ ಕಟ್ಟಿದ್ದ ಕರೆಂಟಿನ ತಂತಿ ತಾಗಿ ಅಲ್ಲೇ ಬಿದ್ದನೆಂದು. ಹಂದಿ ಹಿಡಿಯಲು ತಂತಿ ಎಳೆದದ್ದು ಗಿರಿಯೆಂದು. ಪೊಲೀಸರು ಅವನನ್ನು ತಮ್ಮನ ಮಣ್ಣಿಗೂ ನಿಲ್ಲಲು ಬಿಡದೆ ಕರೆದುಕೊಂಡು ಹೋದರೆಂದು. ನೀವು ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿದ್ದಿರಂತೆ. ಸುದ್ದಿ ಕೇಳಿ ಎಲೆಯ ಮುಂದಿನಿಂದ ಎದ್ದಿರಂತೆ.

ಕಳೆದ ವರ್ಷ ನಾನು ಅಲ್ಲಿಗೆ ಬಂದಾಗ ಗುಂಡ ನನ್ನ ಕಾಲಿನ ಜಿಗಣೆಗೆ ಸುಣ್ಣ ಹಚ್ಚಿ, "ಅಕ್ಕನ ರಕ್ತ ಕುಡ್ದ್ರೆ ಅದ್ಕೂ ಸ್ಕೂಲು ಬಿಡ್ಬೇಕು ಅನ್ಸ್ತದೆ" ಎಂದು ಹಾಸ್ಯ ಮಾಡಿದ್ದ. ಅವನ ಆ ನಗು ಕಿವಿಯಲ್ಲೇ ಇದೆ.

ಈಗ ಹೇಳಬೇಕಾದ ಮಾತು. ಮದುವೆಯ ಹಿಂದಿನ ದಿನ, ಚಪ್ಪರದ ದಿನ, ಸಂಜೆ ಬಸ್ಸಿನಲ್ಲಿ ಒಂದು ಫಿಲ್ಮ್ ರೋಲ್ ಬಂತು. ಜೊತೆಗೆ ಕಾಗದ ಇರಲಿಲ್ಲ. ಶ್ರೀಮಂಗಲದಲ್ಲಿ ಗಿರಿ ಕೊಟ್ಟನೆಂದು ಕಂಡಕ್ಟರ್ ಹೇಳಿದ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋದ ಗಲಾಟೆ ಇದ್ದುದರಿಂದ ನಿನ್ನೆಯಷ್ಟೇ ತೊಳೆದೆ.

ಮೊದಲ ಚಿತ್ರಗಳು ನಾಯಿಯದ್ದು, ಅಂಗಳದ ಕರಿಮೆಣಸಿನದ್ದು. ಕೊನೆಯದು ಕಾಫಿ ಹೂವಿನದ್ದು. ಹಾಲು ಚೆಲ್ಲಿದ ಹಾಗೆ ಗಿಡಗಳೆಲ್ಲ ಬೆಳ್ಳಗಾಗಿವೆ. ಹಿಂದೆ ಪಂಪ್‌ಹೌಸ್. ಅದರ ಕಿಟಕಿಯಿಂದ ಒಂದು ತಂತಿ ಹೊರಗೆ ಬಂದು, ಕವೆಕೋಲುಗಳ ಮೇಲೆ ಹಾದು, ಬಾಳೆಯ ಬೇಲಿಗೆ ಇಳಿದಿದೆ. ಪ್ರಿಂಟ್ ದೊಡ್ಡದು ಮಾಡಿದ ಮೇಲೆ ನನಗೆ ಕಂಡಿತು. ತೆಗೆದವರಿಗೆ ಕಂಡಿರಲಿಕ್ಕಿಲ್ಲ, ಅವರು ಹೂ ನೋಡುತ್ತಿದ್ದರು.

ಆ ಚಿತ್ರದ ಬಲ ಅಂಚಿನಲ್ಲಿ ಕಪ್ಪು ಪಟ್ಟಿ ಇದೆ, ಮಾವ.

ಹೂವಿದ್ದದ್ದು ಚಪ್ಪರದ ದಿನ, ಮದುವೆಯ ದಿನ, ಆ ಎರಡು ದಿನ ಮಾತ್ರ. ಆ ಎರಡೂ ದಿನ ಮೂರ್ನಾಡಿನಲ್ಲೇ ಇದ್ದೆ, ತೋಟದ ಕಡೆ ಹೋಗಿಲ್ಲ ಎಂದು ನೀವು ಪೊಲೀಸರಿಗೆ ಹೇಳಿದ್ದೀರಂತೆ. ಹಾಗಾದರೆ ಇದನ್ನು ತೆಗೆದವರು ಯಾರು?

ನಾನು ಬೇರೆಯವರನ್ನು ಕೇಳುವ ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ.

ಅಶ್ವಿತಾ


ಶ್ರೀಮಂಗಲ
6 ಏಪ್ರಿಲ್ 2025

ಅಶ್ವಿತಾ,

ನಿನ್ನ ಪ್ರಶ್ನೆಗೆ ಉತ್ತರ ಸುಲಭ. ನನಗೆ ಹೂ ನೋಡಲು ಆಗುವುದಿಲ್ಲವೆಂದು ಕ್ಯಾಮರಾವನ್ನು ಗಿರಿಯ ಕೈಗೆ ಕೊಟ್ಟು ಹೋಗಿದ್ದೆ. ಅವನಿಗೆ ತೆಗೆಯಲು ಬರುತ್ತದೆ, ನೀನೇ ಬರೆದಿದ್ದೀ. ಅವನೇ ತೆಗೆದ, ಅವನೇ ಬಸ್ಸಿಗೆ ಕೊಟ್ಟ. ತಾನು ಎಳೆದ ತಂತಿ ಚಿತ್ರದಲ್ಲಿ ಬಿದ್ದದ್ದು ಅವನಿಗೂ ಗೊತ್ತಾಗಿರಲಿಕ್ಕಿಲ್ಲ. ಪಾಪ. ತಮ್ಮನನ್ನು ತಾನೇ ಕೊಂದ ಹಾಗಾಯಿತು. ಅವನ ಹೆಂಡತಿ ಸುಮಿತಾಳಿಗೂ ಮಗುವಿಗೂ ಅಕ್ಕಿ ಕಳುಹಿಸುತ್ತಿದ್ದೇನೆ. ತೋಟದಾಳುಗಳ ಲೈನ್ ಮನೆ ಖಾಲಿ ಮಾಡು ಎಂದೂ ಹೇಳಿಲ್ಲ.

ಕಪ್ಪು ಪಟ್ಟಿ ಯಾರ ಬೆರಳು ತಾಗಿದರೂ ಬರುತ್ತದೆ. ಅದರ ಮೇಲೆ ಕಥೆ ಕಟ್ಟಬೇಡ.

ನೆಗೆಟಿವನ್ನು ಸಂಜೆಯ ಬಸ್ಸಿನಲ್ಲಿ ಕಳುಹಿಸು. ಇಡೀ ರೋಲ್. ಪ್ರಿಂಟ್ ಮಾಡಿದ್ದರೆ ಅದನ್ನೂ. ಪದ್ಮಯ್ಯನಿಗೆ ತೋರಿಸುವ ಅಗತ್ಯ ಇಲ್ಲ. ಕಾಂತಮ್ಮನಿಗೆ ಬಿಪಿ ಇದೆ, ಅವಳ ಕಿವಿಗೆ ಹಾಕಬೇಡ. ಫೋನಿನಲ್ಲಿಯೂ ಮಾತು ಬೇಡ.

ಮನೆಯ ವಿಷಯ ಮನೆಯಲ್ಲಿರಲಿ.

ಬೋಜಪ್ಪ


ಸುಂಟಿಕೊಪ್ಪ
27 ಏಪ್ರಿಲ್ 2025

ಮಾವನಿಗೆ,

ತಡವಾಯಿತು. ಬರೆಯುವ ಮೊದಲು ಕೆಲವನ್ನು ಪರೀಕ್ಷೆ ಮಾಡಿ ನೋಡಬೇಕಿತ್ತು.

ಯಾರ ಬೆರಳು ತಾಗಿದರೂ ಪಟ್ಟಿ ಬರುತ್ತದೆ ಎಂದಿರಿ. ಪದ್ಮಯ್ಯಣ್ಣನ ಶೋಕೇಸಿನಲ್ಲಿ ಇಂಥದೇ ಒಂದು ಹಳೆಯ ಕ್ಯಾಮರಾ ಇದೆ. ಒಂದು ರೋಲ್ ಹಾಕಿ, ಬೆರಳನ್ನು ಬೇಕೆಂದೇ ಡಯಲಿಗೆ ತಾಗಿಸಿ ತೆಗೆದೆ. ಸಾಧಾರಣ ಬೆರಳನ್ನು ಡಯಲ್ ತಳ್ಳಿಕೊಂಡು ಹೋಗುತ್ತದೆ. ಸ್ವಲ್ಪ ಮಬ್ಬಾಗುತ್ತದೆ, ಅಷ್ಟೇ. ಗಟ್ಟಿಯಾಗಿ ಒತ್ತಿದರೆ ಒಮ್ಮೆ ಅರ್ಧ ಚಿತ್ರವೇ ಹೋಗುತ್ತದೆ, ಇನ್ನೊಮ್ಮೆ ಏನೂ ಆಗುವುದಿಲ್ಲ. ನಿಮ್ಮ ಚಿತ್ರಗಳಲ್ಲಿ ಮಾತ್ರ ಪಟ್ಟಿ ಯಾವಾಗಲೂ ಒಂದೇ ಅಗಲ. ಬೆರಳು ಮಡಚುವುದಿಲ್ಲ, ಆದ್ದರಿಂದ ಒಂದೇ ಜಾಗದಲ್ಲಿ, ಒಂದೇ ಭಾರದಲ್ಲಿ ಒರಗುತ್ತದೆ. ಹೂವಿನ ಚಿತ್ರದ ಪಟ್ಟಿಯನ್ನು ಅತ್ತೆಯ ಚಿತ್ರದ ಪಟ್ಟಿಯ ಮೇಲಿಟ್ಟು ಬೆಳಕಿಗೆ ಹಿಡಿದೆ. ಕೂತುಕೊಂಡಿತು.

ಇದು ನ್ಯಾಯಾಲಯಕ್ಕೆ ಸಾಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸಾಲುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ನಾನು ಕಂಡದ್ದು ಇಷ್ಟು.

ಅಮ್ಮನಿಗೆ ಹೇಳಬೇಡ ಎಂದಿರಿ. ಕೇಳಿದೆ. "ಚಪ್ಪರದ ದಿನ ಮಾವ ಎಲ್ಲಿದ್ದರು?" ಅಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬೆಳಿಗ್ಗೆ ಜೀಪು ತಗೊಂಡು ಹೋದವು ಸಂಜೆ ಬಂದೊ. ಪಂಕ್ಚರ್ ಅಂತ ಹೇಳ್ದೊ" ಎಂದರು. ಆಮೇಲೆ, "ನೀ ಅದ್ನ ಕೇಳಿಕೆ ಹೋಗ್ಬೇಡ ಕೂಸೇ. ನಿನ್ನ ಅಪ್ಪ ಹೋದ್ಮೇಲೆ ನಮ್ಮ ಒಲೆ ಉರ್ಸಿದವ ಅವ" ಎಂದರು. ಅದೂ ನಿಜ. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಈ ಕಾಗದ ನಿಮಗಲ್ಲ, ಇನ್ನೆಲ್ಲಿಗೋ ಹೋಗುತ್ತಿತ್ತು.

ಕಳೆದ ಭಾನುವಾರ ಶ್ರೀಮಂಗಲಕ್ಕೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಮೇಲಿನ ದಾರಿಯಿಂದ ಲೈನಿಗೆ ಹೋದೆ. ಸುಮಿತಾ ಬಾಗಿಲಲ್ಲಿ ಕೂತಿದ್ದಳು, ಮಗು ಮಡಿಲಲ್ಲಿ. ನನ್ನನ್ನು ಕಂಡು ಏಳಲಿಲ್ಲ.

"ಅಕ್ಕ ಬಂದದ್ದು ಸಾವ್ಕಾರ್ರು ಕಳ್ಸಿಯಾ?" ಎಂದಳು.

"ಅಲ್ಲ. ನಾನೇ ಬಂದೆ."

"ಹಾಗಾದ್ರೆ ಕೂತ್ಕೊಳ್ಳಿ. ಸಾವ್ಕಾರ್ರು ಕಳ್ಸಿದ್ರೆ ನಿಂತೇ ಇರಿ ಅಂತಿದ್ದೆ."

ಆ ದಿನ ಏನಾಯಿತು ಎಂದು ಕೇಳಿದೆ. ಹೇಳಿದಳು. ನೀವು ಬೆಳಿಗ್ಗೆ ಜೀಪಿನಲ್ಲಿ ಬಂದದ್ದು, ಹೂ ನೋಡಿದ್ದು, ಪಂಪ್‌ಹೌಸಿನ ಒಳಗಿನಿಂದ ತಂತಿ ಎಳೆದದ್ದು, ಆಮೇಲೆ ಹೂವಿನ ಫೋಟೋ ತೆಗೆದದ್ದು. ಗಿರಿ "ಬೇಡ ಸಾವ್ಕಾರ್ರೇ, ಬೆಳಿಗ್ಗೆ ಗುಂಡ ಬರ್ತಾನೆ" ಎಂದದ್ದು. "ಬೆಳಿಗ್ಗೆ ತೆಗ್ದ್ರಾಯ್ತು" ಎಂದು ನೀವು ಹೇಳಿ, ರೋಲನ್ನು ಬಸ್ಸಿಗೆ ಕೊಡಲು ಗಿರಿಯನ್ನು ಕಳುಹಿಸಿದ್ದು. ಅವನು ಪೇಟೆಯಿಂದ ಬರುವಷ್ಟರಲ್ಲಿ ನೀವು ಹೊರಟಾಗಿತ್ತು. ಸ್ವಿಚ್ ಹಾಕಿ ಹೋಗಿದ್ದೀರೆಂದು ಅವನಿಗೆ ಯಾರೂ ಹೇಳಲಿಲ್ಲ. ಹಾಕುವುದು ಮೊದಲು, ಹೇಳುವುದು ಆಮೇಲೆ. ಡಯಲ್ ತಿರುಗಿಸುವ ಹಾಗೆಯೇ ಮಾಡಿದಿರಿ, ಮಾವ.

"ಪೊಲೀಸರಿಗೆ ಹೇಳಲಿಲ್ಲವಾ?" ಎಂದೆ.

"ಹೇಳ್ದೆ. ಕೇಳ್ದವ್ರು ಪೆನ್ನು ಎತ್ಲಿಲ್ಲ. ಲೈನಲ್ಲಿ ಎಲ್ರೂ ನೋಡಿದ್ದಾರೆ. ಕೇಳಿದ್ರೆ ಎಲ್ರಿಗೂ ಆ ದಿನ ಕಣ್ಣು ಬೇನೆ."

ಹಾಗೆ ಹೇಳಿ ನಕ್ಕಳು. ಅಂಥ ನಗುವನ್ನು ನಾನು ಇನ್ನೊಮ್ಮೆ ಕೇಳಲಾರೆ.

ವಾಪಸ್ ಬರುವಾಗ ನಿಮ್ಮ ಗೇಟಿನ ಹತ್ತಿರ ಅತ್ತೆ ನಿಂತಿದ್ದರು. ನಾನು ನೋಡಿದೆ, ಅವರೂ ನೋಡಿದರು. ಕರೆಯಲಿಲ್ಲ.

ನೆಗೆಟಿವ್ ಕಳುಹಿಸುವುದಿಲ್ಲ. ನೀವೇ ಹೋಗಿ ಹೇಳಿ. ನೀವು ಕೊಲ್ಲಬೇಕೆಂದು ಮಾಡಿದ್ದಲ್ಲ, ಅದು ನನಗೆ ಗೊತ್ತು. ನೀವು ಹೇಳಿದರೆ ಅದು ಎಲ್ಲರಿಗೂ ಗೊತ್ತಾಗುತ್ತದೆ. ನಾನು ಹೇಳಿದರೆ ಗೊತ್ತಾಗುವುದಿಲ್ಲ. ಮಳೆ ಹಿಡಿಯುವವರೆಗೆ ಕಾಯುತ್ತೇನೆ.

ಅಶ್ವಿತಾ


ಶ್ರೀಮಂಗಲ
30 ಮೇ 2025

ಅಶ್ವಿತಾ ಕೂಸೇ,

ಮಳೆ ಹಿಡಿದಿದೆ. ಮರ ಬಿದ್ದು ಕರೆಂಟ್ ಇಲ್ಲ, ಟವರ್ ಇಲ್ಲ. ಬಸ್ಸು ಬರುತ್ತಿರುವುದೇ ದೊಡ್ಡದು.

ನಿನ್ನ ಕಾಗದವನ್ನು ಸಿಟ್ಟಿಲ್ಲದೆ ಓದಿದೆ. ಸಣ್ಣವರು ಏನೇನೋ ಬರೆಯುತ್ತಾರೆ. ದೊಡ್ಡವರು ಅದನ್ನು ಇಟ್ಟುಕೊಳ್ಳುವುದಿಲ್ಲ. ಒಲೆಗೆ ಹಾಕಿದೆ.

ಇದರ ಜೊತೆ ಒಂದು ರೋಲ್ ಕಳುಹಿಸಿದ್ದೇನೆ. ಮೂವತ್ತಾರು ಚಿತ್ರವೂ ನಾನೇ ತೆಗೆದದ್ದು, ಅತ್ತೆ ನೋಡಿದ್ದಾಳೆ. ಮಳೆ ಬಿಟ್ಟು ಬಿಸಿಲು ಬಿದ್ದಾಗಲೆಲ್ಲ ತೆಗೆದೆ, ಡಯಲ್ ಮೊದಲಿನ ವೇಗದಲ್ಲೇ ಇತ್ತು. ತೊಳೆದು ನೋಡು. ಒಂದರಲ್ಲೂ ಪಟ್ಟಿ ಇರಲಾರದು. ಅಂದರೆ ತೊಂದರೆ ಇದ್ದದ್ದು ಕ್ಯಾಮರಾದಲ್ಲಿ, ನೀನು ಎಣ್ಣೆ ಕೊಟ್ಟದ್ದು ಈಗ ಹತ್ತಿದೆ. ಪಟ್ಟಿಗೂ ನನ್ನ ಬೆರಳಿಗೂ ಸಂಬಂಧ ಇಲ್ಲ. ಯಾರಾದರೂ ಕೇಳಿದರೆ ಹಾಗೆಯೇ ಬರೆದುಕೊಡು. ಕ್ಯಾಮರಾ ಬಿಚ್ಚಿದವಳು ನೀನು, ನಿನ್ನ ಮಾತಿಗೆ ಬೆಲೆ ಇದೆ.

ಪದ್ಮಯ್ಯನ ಸ್ಟುಡಿಯೋ ಇರುವ ಕಟ್ಟಡದ ಸಾಹುಕಾರರು ಮೊನ್ನೆ ನನ್ನ ಜೊತೆ ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ. ಸ್ಟುಡಿಯೋ ಖಾಲಿ ಮಾಡಿಸಿ ಬೇಕರಿಗೆ ಕೊಡುವ ಯೋಚನೆಯಲ್ಲಿದ್ದಾರೆ. ನಾನು ತಡೆದಿದ್ದೇನೆ.

ಒಬ್ಬಳೇ ಬಸ್ಸಿನಲ್ಲಿ ಲೈನಿಗೆಲ್ಲ ಓಡಾಡಬೇಡ. ಮಳೆಗಾಲದ ದಾರಿ. ಯಾವ ತಿರುವಿನಲ್ಲಿ ಏನಿದೆ ಹೇಳಲಾಗದು. ನಿನಗೇನಾದರೂ ಆದರೆ ಕಾಂತಮ್ಮನಿಗೆ ನಾನು ಮುಖ ತೋರಿಸುವುದು ಹೇಗೆ?

ಪ್ರೀತಿಯ
ಮಾವ


ಸುಂಟಿಕೊಪ್ಪ
9 ಜೂನ್ 2025

ಮಾವನಿಗೆ,

ರೋಲ್ ತೊಳೆದೆ.

ನಾಯಿ, ಜೀಪಿನ ಚಕ್ರ, ತೊಟ್ಟಿ, ಹೆಂಚು, ಮತ್ತೆ ನಾಯಿ. ಮೂವತ್ತೈದು ಚಿತ್ರಗಳ ಬಲ ಅಂಚು ಸ್ವಚ್ಛವಾಗಿದೆ. ನೀವು ಹೇಳಿದ್ದು ಸರಿ. ಪದ್ಮಯ್ಯಣ್ಣ ಕನ್ನಡಕ ಏರಿಸಿ ನೋಡಿ, "ಎಂತ ಮಾರಾಯ್ತಿ, ನಿನ್ನ ಕೇಸ್ ಬಿತ್ತಲ್ಲ" ಎಂದರು. ನನಗೂ ಹಾಗೆಯೇ ಅನಿಸಿತು. ಒಂದು ಗಳಿಗೆ ಸಂತೋಷವೂ ಆಯಿತು. ನನ್ನ ಲೆಕ್ಕ ತಪ್ಪಾಗಿರಲಿ, ನನ್ನ ಮಾವ ನನ್ನ ಮಾವನಾಗಿಯೇ ಉಳಿಯಲಿ ಎಂದು.

ಆದರೆ ಅಂಗಳದ ಚಿತ್ರ ಒಂದಿದೆಯಲ್ಲ, ಸೂರ್ಯ ನಿಮ್ಮ ಬೆನ್ನಿಗಿದ್ದದ್ದು. ನೆಲದ ಮೇಲೆ ನಿಮ್ಮ ನೆರಳು ಬಿದ್ದಿದೆ. ತಲೆ, ಮೊಣಕೈ, ಕ್ಯಾಮರಾ. ಕ್ಯಾಮರಾದ ಮೇಲೆ ಕೊಂಬಿನ ಹಾಗೆ ಎತ್ತಿ ಹಿಡಿದ ಒಂದು ಬೆರಳು. ಎಷ್ಟು ನೋವಾಗಿರಬೇಕು, ಆ ಬೆರಳನ್ನು ಹಾಗೆ ಎತ್ತಿಯೇ ಇಟ್ಟುಕೊಳ್ಳಲು. ತಾಗುತ್ತದೆ ಎಂದು ಗೊತ್ತಿದ್ದವರು ಮಾತ್ರ ಹಾಗೆ ಎತ್ತುತ್ತಾರೆ. ಅದು ತಾಗುತ್ತದೆ ಎಂದು ನಿಮಗೆ ಹೇಳಿಕೊಟ್ಟವಳು ನಾನೇ.

ಇನ್ನು ಮೂವತ್ತಾರನೆಯದು. ಪಂಪ್‌ಹೌಸಿನ ಕೆಳಗೆ ಬಾಳೆಯ ಬೇಲಿ. ತಂತಿ ಇಲ್ಲ. ಗುಂಡ ಬಿದ್ದ ಜಾಗದಲ್ಲಿ ಸುಮಿತಾ ಇಟ್ಟ ಕಲ್ಲು, ಕಲ್ಲಿನ ಮೇಲೆ ಒಣಗಿದ ದಾಸವಾಳ. ಅಲ್ಲಿಗೆ ಯಾಕೆ ಹೋದಿರಿ ಎಂದು ನಾನು ಕೇಳುವುದಿಲ್ಲ. ಆ ಚಿತ್ರದ ಬಲ ಅಂಚು ಕಪ್ಪಾಗಿದೆ. ಅದೇ ಅಗಲ.

ಮೂವತ್ತೈದು ಸಲ ನಿಮಗೆ ಬೆರಳಿನ ನೆನಪಿತ್ತು. ಅಲ್ಲಿ ಇರಲಿಲ್ಲ.

ಅದನ್ನು ಹಿಡಿದುಕೊಂಡು ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ತುಂಬಾ ಹೊತ್ತು ಕೂತೆ. ಬೇರೆ ಯಾವ ಚಿತ್ರ ನೋಡಿದಾಗಲೂ ನನಗೆ ಅಳು ಬಂದಿರಲಿಲ್ಲ.

ವಿರಾಜಪೇಟೆಯಲ್ಲಿ ಗಿರಿಯ ಪರವಾಗಿ ದಿವ್ಯ ಎಂಬ ವಕೀಲೆ ಇದ್ದಾರೆ. ಅವರ ಬಳಿ ಮಾತನಾಡಿದ್ದೇನೆ. ನೆಗೆಟಿವ್ ನಾಳೆ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ವಿರಾಜಪೇಟೆಗೆ ಹೋಗುತ್ತದೆ. ಹೂವಿನದ್ದೂ ಕಲ್ಲಿನದ್ದೂ ಎರಡೂ. ಅದರ ಜೊತೆ ನಾನೂ ಹೋಗುತ್ತೇನೆ.

ಇದನ್ನು ಅವರಿಗೆ ಯಾಕೆ ಮೊದಲೇ ಬರೆಯುತ್ತೀ, ಹುಚ್ಚಿಯಾ ಎಂದು ಪದ್ಮಯ್ಯಣ್ಣ ಬೈದರು. ನಿಮ್ಮ ಬೆನ್ನ ಹಿಂದೆ ಮಾಡಿದರೆ ನಾನೂ ಪಂಕ್ಚರ್ ಕಥೆ ಹೇಳಿದ ಹಾಗಾಗುತ್ತದೆ. ಈ ಕಾಗದ ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತದೆ, ಸಂಜೆಗೆ ನಿಮ್ಮ ಕೈ ಸೇರುತ್ತದೆ. ಇಡೀ ಒಂದು ರಾತ್ರಿ ನಿಮಗೆ ಸಿಗುತ್ತದೆ. ನನಗಿಂತ ಮೊದಲು ನೀವೇ ಹೋಗಿ ಹೇಳಿದರೆ ನಾನು ವಿರಾಜಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಜೊತೆ ಕಾಫಿ ಕುಡಿದು ವಾಪಸ್ ಬರುತ್ತೇನೆ.

ಈಗಲೂ ನಿಮ್ಮ ಸೊಸೆ,
ಅಶ್ವಿತಾ


ಶ್ರೀಮಂಗಲ
10 ಜೂನ್ 2025, ಬೆಳಿಗ್ಗೆ

ಅಶ್ವಿತಾ ಕೂಸಿಗೆ ಪೂವಮ್ಮತ್ತೆ ಬರೆಯುವುದು,

ಇಲ್ಲಿ ಟವರ್ ಇಲ್ಲ. ಆದ್ದರಿಂದ ಇದನ್ನು ಮೊದಲ ಬಸ್ಸಿಗೆ ಓಡಿ ಹೋಗಿ ಕೊಡುತ್ತಿದ್ದೇನೆ.

ನೀನು ನನ್ನನ್ನು ಏನನ್ನೂ ಕೇಳಲಿಲ್ಲ. ಗೇಟಿನ ಹತ್ತಿರ ನಿನ್ನನ್ನು ಕರೆಯದೆ ನಿಂತದ್ದು ಅದಕ್ಕೇ, ಕರೆದರೆ ನೀನು ಕೇಳುತ್ತಿದ್ದೆ. ಈಗ ಕೇಳದೆಯೇ ಹೇಳುತ್ತೇನೆ. ಚಪ್ಪರದ ದಿನ ಸಂಜೆ ಮಾವ ಮೂರ್ನಾಡಿಗೆ ವಾಪಸ್ ಬಂದಾಗ ಅಂಗಿ ಬದಲಿಸಿದರು. ಆ ಅಂಗಿಯನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಕಾಫಿ ಹೂ ಸಿಕ್ಕಿತು. ನನಗೆಂದು ತಂದದ್ದು, ಕೊಡಲು ಮರೆತಿದ್ದರು. ಪ್ರತಿ ವರ್ಷ ತರುತ್ತಾರೆ. ಮರುದಿನ ಆ ಸುದ್ದಿ ಬಂತು. ನಾನು ಬಾಯಿ ಮುಚ್ಚಿಕೊಂಡೆ. ಈ ಮಾತನ್ನು ಆ ವಕೀಲರಿಗೆ ತೋರಿಸು.

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಮಾವ ನಿಂತುಕೊಂಡೇ ಓದಿದರು. ಊಟ ಮಾಡಲಿಲ್ಲ. ನಾನು ಏಳುವ ಮೊದಲೇ ಜೀಪು ಹೋಗಿದೆ. ಎಲ್ಲಿಗೆಂದು ಹೇಳಿಲ್ಲ. ಠಾಣೆಗೆ ಹೋಗಿರಲಿ ಎಂದು ದೇವರ ಮುಂದೆ ದೀಪ ಇಟ್ಟಿದ್ದೇನೆ. ಆದರೆ ಠಾಣೆ ನಮಗೆ ಕೆಳಗಿನ ದಾರಿ, ಚಕ್ರದ ಗುರುತು ಬಸ್ಸಿನ ರಸ್ತೆ ಸೇರುವ ಮೇಲಿನ ದಾರಿಗೆ ಹೋಗಿದೆ.

ಗಾಬರಿಯಿಂದ ಮೊದಲು ಗೋಡೆ ನೋಡಿದೆ. ಕೋವಿ ಗೂಟದಲ್ಲೇ ಇದೆ. ಕ್ಯಾಮರಾ ಇಲ್ಲ. ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಸಮಾಧಾನ ಪಡಬೇಕು ಎಂದು ನನಗೆ ತಿಳಿಯುತ್ತಿಲ್ಲ.

ನೀನು ಆ ಬಸ್ಸು ಹತ್ತಬೇಡ. ನಾನು ಮತ್ತೆ ಬರೆಯುವವರೆಗೆ ಸ್ಟುಡಿಯೋದಲ್ಲೇ ಇರು.

ಅತ್ತೆ


ಸುಂಟಿಕೊಪ್ಪ
10 ಜೂನ್ 2025, ಮಧ್ಯಾಹ್ನ

ಪೂವಮ್ಮನವರಿಗೆ ಸ್ಟುಡಿಯೋ ಪದ್ಮಯ್ಯನ ನಮಸ್ಕಾರ.

ನಿಮ್ಮ ಕವರು ಬರುವಾಗ ಊಟದ ಹೊತ್ತಾಗಿತ್ತು. ಅಶ್ವಿತಾ ಬೆಳಿಗ್ಗೆಯ ಮೊದಲ ಬಸ್ಸಿಗೇ ಹೋಗಿದ್ದಳು. ಅವಳ ಫೋನು ಸ್ವಿಚ್ ಆಫ್ ಬರುತ್ತಿದ್ದುದರಿಂದ ನಾನೇ ಕವರು ಒಡೆದು ಓದಿದೆ, ಕ್ಷಮಿಸಿ.

ಅವಳು ಹೋದ ಬಸ್ಸು ಈಗ ವಾಪಸ್ ಬಂದಿದೆ. ಓಡಿ ಹೋಗಿ ಕಂಡಕ್ಟರನ್ನು ಕೇಳಿದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಈ ಹುಡುಗಿಯ ಸಹವಾಸದಿಂದ ನನಗೂ ಕೂಡಿಸಿ ಕಳೆದು ಹೇಳುವ ಅಭ್ಯಾಸ ತಪ್ಪಿದೆ.

ಮೂರ್ನಾಡು ದಾಟಿದ ಮೇಲೆ, ಅಂಗಡಿಗಳೆಲ್ಲ ಮುಗಿದ ಜಾಗದಲ್ಲಿ, ಒಂದು ಜೀಪು ದಾರಿಗೆ ಅಡ್ಡ ನಿಂತಿತ್ತಂತೆ. ಬೋಜಪ್ಪನವರು ಮಳೆಯಲ್ಲಿ ನೆನೆಯುತ್ತಾ ನಿಂತಿದ್ದರಂತೆ. "ನಮ್ಮ ಕೂಸು ಒಳಗೆ ಉಂಟು, ಇಳಿಸಿ" ಎಂದರಂತೆ. ಕಂಡಕ್ಟರ್, "ಹೋಗ್ತೀರಾ ಅಕ್ಕ?" ಎಂದು ಕೇಳಿದ್ದಾನೆ. ಅವಳು ಕಿಟಕಿಯಿಂದ ನೋಡಿ, "ಹೋಗ್ತೇನೆ. ಅವರು ಯಾವ ಕಡೆಗೆ ಹೊರಟಿದ್ದಾರೆ ಅಂತ ಕೇಳ್ಬೇಕು" ಎಂದಳಂತೆ. ಇಳಿಯುವ ಮೊದಲು ಚೀಲದಿಂದ ಒಂದು ಕವರು ತೆಗೆದು ಅವನ ಕೈಗೆ ಕೊಟ್ಟಳಂತೆ. "ಅಣ್ಣ, ಇದು ವಿರಾಜಪೇಟೆಗೆ. ವಕೀಲೆ ದಿವ್ಯ ಅವ್ರ ಕೈಗೇ ಕೊಡಿ. ಇದು ಈ ಬಸ್ಸಲ್ಲೇ ಹೋಗ್ತದೆ ಅಂತ ಮಾವನಿಗೆ ಬರ್ದುಕೊಟ್ಟಿದ್ದೇನೆ."

ಅವಳು ಕೆಳಗೆ ಇಳಿದಳಂತೆ. ಬೋಜಪ್ಪನವರು ಕೊಡೆಯನ್ನು ಅವಳ ಕೈಗೆ ಕೊಟ್ಟು, ಹಿಂದೆ ಸರಿದು, ಕ್ಯಾಮರಾ ಎತ್ತಿ ಅವಳ ಒಂದು ಫೋಟೋ ತೆಗೆದರಂತೆ. "ಅವ್ಳು ನಗ್ಲಿಲ್ಲ ಪದ್ಮಯ್ಯಣ್ಣ. ಕ್ಯಾಮರಾನೂ ನೋಡ್ಲಿಲ್ಲ. ಅವ್ರ ಬೆರಳನ್ನೇ ನೋಡ್ತಿದ್ದಳು" ಎಂದ. ಆಮೇಲೆ ಜೀಪು ತಿರುಗಿತು. ಯಾವ ಕಡೆಗೆ ಎಂದು ಕೇಳಿದೆ. ಮಳೆಯಲ್ಲಿ ಕಾಣಲಿಲ್ಲವಂತೆ.

ಕಾಂತಮ್ಮನವರನ್ನು ಕರೆದುಕೊಂಡು ಈಗ ಠಾಣೆಗೆ ಹೊರಟಿದ್ದೇನೆ. ಜೀಪು ನಿಮ್ಮ ಮನೆಗೆ ಬಂದಿದ್ದರೆ ಇದೇ ಬಸ್ಸಿನಲ್ಲಿ ಒಂದು ಗೆರೆ ಬರೆದು ಕಳುಹಿಸಿ.

ವಕೀಲೆಗೆ ಫೋನ್ ಮಾಡಿದ್ದೆ. ಕವರು ತಲುಪಿದೆ. ಅವಳು ತಲುಪಿಲ್ಲ.

ಪದ್ಮಯ್ಯ